ಕಚ್ಚಿ ಕೂತ ಹಲಗೆ

ಮಾವ ಬಡಗಿ, ಸೊಸೆ ಹಲ್ಲಿನ ಡಾಕ್ಟರು. ಒಂದೇ ಮನೆಯಲ್ಲಿ ಆರು ವರ್ಷ ಇದ್ದರೂ ಇಬ್ಬರ ನಡುವೆ ಊಟ ಆಯಿತಾ, ಗೇಟು ಹಾಕಿದ್ದೀಯಾ ಎನ್ನುವುದರ ಆಚೆಗೆ ಮಾತು ಬೆಳೆದಿರಲಿಲ್ಲ. ಮನಸ್ತಾಪವೇನೂ ಇಲ್ಲ. ಅವರದು ಅಳೆದು ತೂಗಿ ಆಡುವ ಬಾಯಿ, ಇವಳಿಗೆ ಸಂಕೋಚ.

ಎರಡು ವರ್ಷದಿಂದ ಮಾವನ ಬಲಗೈ ನಡುಗುತ್ತಿತ್ತು. ಉಳಿ ಹಿಡಿಯುವುದನ್ನೇ ಬಿಟ್ಟಿದ್ದರು. ತಮ್ಮ ಮದುವೆಯಾದ ಹೊಸದರಲ್ಲಿ ಅವರೇ ಕಟ್ಟಿದ್ದ, ಇಬ್ಬರು ಕೂರುವಷ್ಟು ಸಣ್ಣ ದೋಣಿಯೊಂದು ಹಿತ್ತಿಲ ಶೆಡ್ಡಿನಲ್ಲಿ ನೆಲಕ್ಕೆ ಹೊಟ್ಟೆ ಊರಿ ಬಿದ್ದಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ, ಅದು ಕೊಳೆತಿದೆ, ಒಡೆದು ಸೌದೆ ಮಾಡಿಬಿಡಿ ಎಂದರು. ಅತ್ತೆ ಅರ್ಧ ಊಟದ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಸೊಸೆ ಅದನ್ನು ಗಮನಿಸಿದಳು.

ಭಾನುವಾರ ಗಂಡನ ಕೈಲಿ ದೋಣಿ ಮಗುಚಿಸಿ, ಕ್ಲಿನಿಕ್ಕಿನಿಂದ ತಂದ ಚೂಪು ಕಡ್ಡಿಯಿಂದ ತಳವನ್ನು ಚುಚ್ಚುತ್ತಾ ಹೋದಳು. ಒಂದು ಹಲಗೆ ಮೊಳದುದ್ದ ನೆನೆದ ರಟ್ಟಿನ ಹಾಗೆ ಮೆತ್ತಗಾಗಿತ್ತು. ಉಳಿದದ್ದೆಲ್ಲ ಗಟ್ಟಿ. ತಲೆ ಎತ್ತಿದರೆ ಬಾಗಿಲಲ್ಲಿ ಮಾವ.

"ಹುಳುಕು ಅಷ್ಟೇ ಮಾವ. ದಿನಾ ತೆಗೀತೀನಲ್ಲ."

"ಇದು ಮರ ಕಣಮ್ಮ."

"ನೀವು ಹೇಳ್ತಾ ಹೋಗಿ, ನಾನು ಮಾಡ್ತೀನಿ."

ಮಾವ ಸ್ಟೂಲು ಎಳೆದುಕೊಂಡು ಕೂತರು. ಮೆತ್ತಗಿದ್ದದ್ದನ್ನು ಕೆತ್ತಿ ಅವಳು ಕೈ ನಿಲ್ಲಿಸಿದಾಗ, ಇನ್ನೂ ಎರಡು ಬೆರಳು ಒಳಗೆ ಹೋಗು, ಕನಿಕರ ಪಟ್ಟು ಬಿಟ್ಟರೆ ಹೊಸದನ್ನೂ ತಿನ್ನುತ್ತೆ ಎಂದರು. ತಾನು ಪೇಷಂಟುಗಳಿಗೆ ಹೇಳುವುದೂ ಇದನ್ನೇ ಎಂದು ಅವಳು ನಕ್ಕಳು. ಕೆತ್ತಿದ ಜಾಗದ ಎರಡೂ ತುದಿಯನ್ನು ಓರೆಯಾಗಿ ಇಳಿಸಲು ಕಲಿಸಿದರು, ಅಂಟಿಗೆ ಹಿಡಿದುಕೊಳ್ಳಲು ಜಾಗ ಬೇಕೆಂದು. ಅಟ್ಟದಿಂದ ಅದೇ ಜಾತಿಯ ಹಳೆಯ ಹಲಗೆ ಇಳಿಸಿ, ಮರದ ಎಳೆ ಯಾವ ಕಡೆ ಓಡುತ್ತದೆಂದು ತೋರಿಸಿದರು.

ಆ ಹಲಗೆಯಿಂದ ಕೊಯ್ದ ತೇಪೆ ಮಾತ್ರ ಕೂರಲಿಲ್ಲ. ಮೊದಲನೆಯದು ಗಿಡ್ಡವಾಯಿತು. ಎರಡನೆಯದು ಉಳಿ ಜಾರಿ ಸೀಳಿತು. ಅವಳ ಕಣ್ಣಲ್ಲಿ ನೀರು ಬಂತು. ಮಾವ ಮೂರನೆಯ ತುಂಡಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಲು ಹೋದರು. ಗೆರೆ ಸೊಟ್ಟಗಾಯಿತು. ಅವಳು ಅವರ ಮಣಿಕಟ್ಟಿಗೆ ತನ್ನ ಕೈ ಆನಿಸಿದಳು. ಇಬ್ಬರೂ ಸೇರಿ ಮತ್ತೆ ಎಳೆದರು.

ಮುಂದಿನ ವಾರ ಅವಳು ಕ್ಲಿನಿಕ್ಕಿನ ನೀಲಿ ಕಾಗದ ತಂದಳು. ಹಲ್ಲು ತುಂಬಿದ ಮೇಲೆ ಕಚ್ಚಿಸಿ ನೋಡುವ ಕಾಗದ. ಸಂದಿಗೆ ಅದನ್ನಿಟ್ಟು ತೇಪೆ ಒತ್ತಿದಳು. ಎಲ್ಲಿ ಉಬ್ಬಿತ್ತೋ ಅಲ್ಲಿ ನೀಲಿ ಚುಕ್ಕೆ. ಚುಕ್ಕೆಯಷ್ಟನ್ನೇ ಹೆರೆದು ಮತ್ತೆ ಒತ್ತಿದಳು. ಐದಾರು ಸಲಕ್ಕೆ ಹಲಗೆ ಕಚ್ಚಿ ಕೂತಿತು. ಮಾವ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಐವತ್ತು ವರ್ಷ ಉಬ್ಬು ಹುಡುಕೋಕೆ ಸೀಮೆಸುಣ್ಣ ಬಳಿದು ಸತ್ತೆನಲ್ಲ ಲೇ. ಮೊದಲೇ ಹೇಳಬಾರದಿತ್ತಾ?"

ಮೊದಲ ಸಲ ಆಕೆಯನ್ನು ಸಲಿಗೆಯಿಂದ 'ಲೇ' ಎಂದಿದ್ದರು. ಅದು ಅವರಿಗೆ ಗೊತ್ತೇ ಆಗಲಿಲ್ಲ. ಅವಳಿಗೆ ಗೊತ್ತಾಯಿತು.

ಅಂಟು ಹಾಕಿ, ಬಿಗಿದು, ಉಜ್ಜಿ, ವಾರ್ನಿಷ್ ಬಳಿದು ದೋಣಿಯನ್ನು ಕೆರೆಗೆ ಇಳಿಸಿದರು. ಸೊಂಟ ಮುರಿದೀತು ಎನ್ನುತ್ತಲೇ ಅತ್ತೆ ಹತ್ತಿ ಕೂತರು. ಮಾವ ಹುಟ್ಟು ಹಿಡಿದರು, ಸೊಸೆ ದಡದಲ್ಲೇ ನಿಂತಳು. ಹತ್ತು ಮಾರು ಹೋಗುವಷ್ಟರಲ್ಲಿ ಅತ್ತೆ, ಪಾದದ ಬಳಿ ನೀರು ಜಿನುಗ್ತಿದೆ ಎಂದು ಕೂಗಿದರು. ಸೊಸೆ ದಡದ ಅಂಚಿಗೆ ಓಡಿದಳು. ಅತ್ತೆ ಬಗ್ಗಿ ಬೆರಳಾಡಿಸಿ ನೋಡಿದರು.

"ಹುಡುಗಿ ಹಾಕಿದ ತೇಪೆ ಒಣಗೇ ಇದೆ. ಸೋರ್ತಿರೋದು ನಿಮ್ಮ ಕೆಲಸ ಕಣ್ರೀ."

ಮಾವ ಹುಟ್ಟು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ದಡದಲ್ಲಿದ್ದ ಸೊಸೆ ಹಿಂದೆ ಕಂಡಿರಲಿಲ್ಲ.