ಪಾದರಸ ಬರೆದ ಕಣ್ಣು

ಅಕ್ಕ ತನ್ನ ತಂಗಿಗೆ ಇಟ್ಟ ಅಡ್ಡಹೆಸರು ಪಾದರಸ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಈ ಪುಣ್ಯಾತ್ಗಿತ್ತಿ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಕೃತಕ ಕಣ್ಣಿಗೆ ಬಣ್ಣ ಬರೆಯುವ ಕೆಲಸ. ನಗಬೇಡಿ, ಅವಳ ಕೈ ಒಳ್ಳೆಯದೇ. ಆದರೆ ಎರಡು ಗೆರೆ ಎಳೆಯುವಷ್ಟರಲ್ಲಿ ಆ ಕೈ ತನ್ನಷ್ಟಕ್ಕೆ ತಾನೇ ಫೋನಿಗೆ ಹೋಗುತ್ತಿತ್ತು.

ಅಕ್ಕನ ವರ್ಕ್‌ಶಾಪಿನಲ್ಲಿ ಒಂದು ಕಟ್ಟುನಿಟ್ಟು. ಕಣ್ಣು ಯಾರಿಗೋ ಅವರನ್ನು ಕಿಟಕಿಯ ಬೆಳಕಿಗೆ ಕೂರಿಸಿಕೊಂಡು, ಉಳಿದಿರುವ ಕಣ್ಣನ್ನು ನೋಡಿ ನೋಡಿಯೇ ಬರೆಯಬೇಕು. ಒಬ್ಬರ ಎದುರು ಅಷ್ಟು ಹೊತ್ತು ಅಲುಗಾಡದೆ ಕೂರುವುದೆಂದರೆ ಅವಳಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಅಪಘಾತದಲ್ಲಿ ಎಡಗಣ್ಣು ಕಳೆದುಕೊಂಡ ಟೀಚರ್ ಒಬ್ಬರು ಬಂದ ದಿನ ಅಕ್ಕ ಹೊರಗೆ ಹೋಗಿದ್ದಳು. ಸಿಕ್ಕಿದ್ದೇ ಚಾನ್ಸು ಎಂದು ಇವಳು ಫೋನಿನಲ್ಲಿ ಒಂದು ಫೋಟೋ ತೆಗೆದು, "ನೀವು ಹೊರಡಿ ಟೀಚರ್, ನಾನು ಮಾಡಿಡ್ತೀನಿ" ಎಂದು ಸಾಗಹಾಕಿದಳು.

ಫೋಟೋ ನೋಡಿ ಬರೆಯಲು ಕೂತರೆ ಫೋನು ಗಳಿಗೆಗೊಮ್ಮೆ ಮಂಕಾಗುತ್ತಿತ್ತು. ಒತ್ತಿದರೆ ಮೊದಲು ವಾಲ್‌ಪೇಪರಿನಲ್ಲಿದ್ದ ತನ್ನ ಮಗಳ ಮುಖ, ಆಮೇಲೆ ಯಾರದೋ ಮೆಸೇಜು, ಕೊನೆಗೆ ಟೀಚರ್. ಮತ್ತೆ ಮಗಳು, ಮೆಸೇಜು, ಟೀಚರ್. ಹೀಗೇ ಕಣ್ಣು ಮುಗಿಯಿತು.

ಶುಕ್ರವಾರ ಬೆಳಿಗ್ಗೆ ಟೀಚರ್ ಅದನ್ನು ಹಾಕಿಕೊಂಡು ಕನ್ನಡಿಯಲ್ಲಿ ನೋಡಿದರು.

"ಚೆನ್ನಾಗಿದೆ. ಆದ್ರೆ ಇದು ನನ್ನದಲ್ಲ" ಎಂದರು. "ಸೋಮವಾರ ಸ್ಕೂಲಿಗೆ ಹೋಗ್ಬೇಕು. ಕಪ್ಪು ಕನ್ನಡಕ ಹಾಕ್ಕೊಂಡು ಮಕ್ಕಳ ಮುಂದೆ ನಿಂತ್ಕೊಳಕ್ಕೆ ನನ್ನಿಂದ ಆಗಲ್ಲ."

ಅಕ್ಕ ಹತ್ತಿರ ಬಂದು ದಿಟ್ಟಿಸಿದಳು. ಟೀಚರ್ ಕಣ್ಣು ಗಾಢ ಕಂದು. ಇದು ಜೇನಿನ ಬಣ್ಣ. "ನಿನ್ನ ಫೋನಲ್ಲಿರೋ ಪುಟ್ಟಿ ಕಣ್ಣಲ್ವೇನೇ ಇದು?"

ಪಾದರಸ ನಾಚಿಕೆಯಿಂದ ಹಿಡಿಯಷ್ಟಾದಳು. ಅಕ್ಕ ಕೈಚಾಚಿ ಫೋನು ಕಿತ್ತುಕೊಂಡಳು. "ಎದುರು ಕೂತು ಹೊಸದು ಬರಿ. ಅದೂ ಕೆಟ್ರೆ ಆ ಕುರ್ಚಿಗೆ ಬೇರೆಯವರು ಬರ್ತಾರೆ. ತಂಗಿ ಅಂತ ಮುಖ ನೋಡಲ್ಲ."

ಕಿಟಕಿಯ ಪಕ್ಕ ಪಾದರಸ, ಟೀಚರ್ ಇಬ್ಬರೂ ಎದುರುಬದುರು ಕೂತರು. ಕುಂಚ ಎತ್ತಿದ್ದೇ ತಡ, ಅವಳ ಕಾಲು ಕುಣಿಯತೊಡಗಿತು. ಕೈ ಖಾಲಿ ಜೇಬು ತಡಕಿತು. ಹೊರಗೆ ಬೈಕೊಂದು ಹೋಯಿತು, ಇವಳ ಮನಸ್ಸೂ ಅದರ ಹಿಂದೆಯೇ ಹೋಯಿತು.

"ಬನ್ನಿ" ಎಂದರು ಟೀಚರ್.

"ಎಲ್ಲಿಗೆ?"

"ಇಲ್ಲಿಗೇ. ನನ್ನ ಕ್ಲಾಸಲ್ಲೂ ನಿಮ್ಮಂಥವರು ಇದಾರೆ."

"ಹೊಡೀತೀರಾ ಅವ್ರಿಗೆ?"

"ಇಲ್ಲಪ್ಪ. ಹೋದಾಗೆಲ್ಲ ಕರೀತೀನಿ, ಅಷ್ಟೇ. ಕರೆದೂ ಕರೆದೂ ಒಂದಿನ ಅವರೇ ವಾಪಸ್ ಬರೋದು ಕಲೀತಾರೆ."

ಅವಳು ಮತ್ತೆ ಹೋದಳು. "ಬನ್ನಿ." ಫ್ಯಾನು ನೋಡಿದಳು. "ಬನ್ನಿ." ಪಕ್ಕದ ಕೋಣೆಯಲ್ಲಿ ಅವಳದೇ ಫೋನು ಹೊಡೆದುಕೊಂಡಾಗ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಟೀಚರ್ ಈ ಸಲ ಕರೆಯಲಿಲ್ಲ, ಸುಮ್ಮನೆ ಕಾದರು. ಅವಳು ತಾನಾಗಿಯೇ ಆ ಒಂಟಿ ಕಣ್ಣಿಗೆ ಮರಳಿದಳು. ಆಗಲೇ ಅವಳಿಗೆ ಕಂಡದ್ದು, ಪಾಪೆಯ ಪಕ್ಕ ಎಳ್ಳಿಗಿಂತ ಸಣ್ಣದೊಂದು ಕಪ್ಪು ಚುಕ್ಕೆ. ಫೋಟೋದಲ್ಲಿ ಅದು ಇರಲೇ ಇಲ್ಲ. ಉಸಿರು ಬಿಗಿಹಿಡಿದು ಅದನ್ನು ಕೃತಕ ಕಣ್ಣಿನಲ್ಲೂ ಇಟ್ಟಳು.

ಹೊಳಪು ಕೊಟ್ಟು ಶನಿವಾರ ಮಧ್ಯಾಹ್ನ ಕಣ್ಣು ಕೂರಿಸಿದಾಗ ಟೀಚರ್ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದರು. "ಸೋಮವಾರ ಯಾರೂ ಏನೂ ಕೇಳಲ್ಲ ಬಿಡಿ" ಎಂದು ಹೊರಟರು. ಅಕ್ಕ ಬಾಯಿಬಿಟ್ಟು ಹೊಗಳುವ ಪೈಕಿಯವಳಲ್ಲ, ಫೋನನ್ನು ವಾಪಸು ಕೊಟ್ಟಳು ಅಷ್ಟೇ.

ಮನೆಗೆ ಬಂದವಳು ಅದನ್ನು ಚೀಲದಿಂದ ತೆಗೆಯಲಿಲ್ಲ. ಹೋಮ್‌ವರ್ಕ್ ಮಾಡುತ್ತಿದ್ದ ಮಗಳನ್ನು ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿದಳು. ಜೇನಿನ ಬಣ್ಣ ಎಲ್ಲೂ ಇರಲಿಲ್ಲ, ಅದೆಲ್ಲ ಫೋನಿನ ಕರಾಮತ್ತು. ಮಗಳ ಕಣ್ಣು ಹೆಚ್ಚೂಕಡಿಮೆ ಕಪ್ಪು, ಅಂಚಿನಲ್ಲಿ ಮಾತ್ರ ತೆಳುವಾಗಿ ಕಂದು. ಒಂಬತ್ತು ವರ್ಷದಿಂದ ಒಂದೇ ಸೂರಿನಡಿ ಇದ್ದೂ ಅವಳು ಇದನ್ನು ನೋಡಿರಲಿಲ್ಲ.

ಮಗಳು ಮಿಸುಕಾಡಲಿಲ್ಲ. ಗಾಬರಿಯಿಂದ ಮೆಲ್ಲಗೆ ಕೇಳಿದಳು: "ಅಮ್ಮಾ, ನಿನ್ನ ಫೋನ್ ಕಳೆದುಹೋಯ್ತಾ?"