ಇನ್ನೊಬ್ಬ ಮಂಚಮ್ಮ ಎಲ್ಲಿ?

ಸಿಂಧಘಟ್ಟದ ಮಂಚಮ್ಮನಿಗೆ ಎರಡು ತಿಂಗಳಿಂದ ಸುಸ್ತು. ಹುಲ್ಲಿನ ಹೊರೆ ಹೊತ್ತು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹಾಲು ಕರೆದು ಏಳುವಾಗ ಕಣ್ಣು ಕತ್ತಲೆ. ನಮ್ಮ ಹೆಣ್ಣುಮಕ್ಕಳ ರೀತಿ ನಿಮಗೆ ಗೊತ್ತಲ್ಲ. ಹಸು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರನ್ನು ಕರೆಸುತ್ತಾರೆ, ತಮಗೆ ಬಂದರೆ ಮಲಗಿ ಎದ್ದರೆ ಸರಿಹೋಗುತ್ತದೆ ಎನ್ನುತ್ತಾರೆ. ಕೊನೆಗೆ ಸೊಸೆ ಪ್ರಿಯಾಂಕ ಹಟ ಹಿಡಿದು, ಮಾವ ಸೋಮಯ್ಯನನ್ನು ಜೊತೆಗೆ ಹೊರಡಿಸಿ, ಅತ್ತೆಯನ್ನು ಕೆ.ಆರ್. ಪೇಟೆಯ ಒಂದು ಲ್ಯಾಬಿಗೆ ರಕ್ತಪರೀಕ್ಷೆಗೆ ಕಳಿಸಿದಳು.

ಅಂದು ಗುರುವಾರ, ಲ್ಯಾಬಿನಲ್ಲಿ ಜನವೋ ಜನ. ಕೌಂಟರಿನ ಹುಡುಗಿ ತಲೆ ಎತ್ತದೆ ಕೇಳಿದಳು.

"ಹೆಸರು?"

"ಮಂಚಮ್ಮ."

"ಗಂಡನ ಹೆಸರು?"

ಮಂಚಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮದುವೆಯಾಗಿ ಇಪ್ಪತ್ತೆಂಟು ವರ್ಷ, ಒಂದು ದಿನವೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಬೇರೆ ಕಡೆ ಪಕ್ಕದಲ್ಲಿದ್ದವರು ಹೇಳುತ್ತಿದ್ದರು. ಇಲ್ಲಿ ಹೇಳಬೇಕಾದ ಪುಣ್ಯಾತ್ಮ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ.

"ಬೇಗ ಹೇಳಮ್ಮಾ, ಹಿಂದೆ ಜನ ಕಾಯ್ತಾವ್ರೆ."

"ಅದ್ಯಾಕವ್ವ, ಬುಡು. ಮಂಚಮ್ಮ ಅಂತ ಬರ್ಕೊ, ಸಾಕು. ನಮ್ ಊರ ದೇವ್ರ ಹೆಸ್ರು ಅದು, ಎಲ್ರಿಗೂ ಇರಾಕಿಲ್ಲ."

ಹುಡುಗಿ ಆ ಜಾಗವನ್ನು ಖಾಲಿ ಬಿಟ್ಟು, ಸೊಸೆಯ ಫೋನ್ ನಂಬರು ಬರೆದುಕೊಂಡಳು. ರಕ್ತ ತೆಗೆದರು. ಗಂಡ ಹೆಂಡತಿ ಬಸ್ಸು ಹತ್ತಿ ಊರಿಗೆ ಬಂದರು.

ಮಾರನೆಯ ದಿನ ಪ್ರಿಯಾಂಕಳ ಫೋನಿಗೆ ಲಿಂಕ್ ಬಂತು. ಒತ್ತಿದರೆ ರಿಪೋರ್ಟು ತೆರೆದುಕೊಂಡಿತು. ಮೇಲೆ ಮಂಚಮ್ಮ ಎಂಬ ಹೆಸರು. ಕೆಳಗೆ ದಪ್ಪ ಅಕ್ಷರದಲ್ಲಿ ಸಕ್ಕರೆ ನಾನೂರ ಹನ್ನೆರಡು. ಅವಳು ನೋಡಿದ್ದು ಆ ಎರಡನ್ನೇ.

ಮಂಚಮ್ಮನ ಎದೆ ಒಡೆದುಹೋಯಿತು. ಅವಳ ಅಣ್ಣನಿಗೆ ಇದೇ ಸಕ್ಕರೆ ಕಾಯಿಲೆಯಿಂದ ಒಂದು ಕಾಲು ತೆಗೆದಿದ್ದರು.

"ನಿಜ್ವಾಗ್ಲೂ ನಂದೇನಾ ಇದು?" ಎಂದು ಕೇಳಿದಳು.

"ಫೋನ್ಗೇ ಬಂದದೆ ಅಂದ್ಮೇಲೆ ಸುಳ್ಳಾದದಾ?" ಎಂದ ಸೋಮಯ್ಯ. "ಇವತ್ತಿಂದ ನಿಂಗೆ ಬೆಲ್ಲ ಇಲ್ಲ, ಹಣ್ಣಿಲ್ಲ. ಮುದ್ದೆನೂ ಅರ್ಧ ಕಣಮ್ಮಿ."

ಪಾಪ, ಅವನಿಗೂ ಹೆದರಿಕೆಯೇ. ಬೇವಿನ ಸೊಪ್ಪು ತಂದು ತಾನೇ ಅರೆದು ಕುಡಿಸಿದ. ಮಂಚಮ್ಮ ಕಣ್ಣು ಮುಚ್ಚಿ ಕುಡಿದಳು, ಅರ್ಧ ಹೊಟ್ಟೆ ಉಂಡಳು, ಕಾಲನ್ನು ನೋಡಿಕೊಂಡು ಅತ್ತಳು. ಸುಸ್ತು ಕಡಿಮೆಯಾಗುವ ಬದಲು ಇನ್ನೂ ಜಾಸ್ತಿಯಾಯಿತು.

ಐದನೆಯ ದಿನ ಆಶಾ ಕಾರ್ಯಕರ್ತೆ ರಂಜಿತ ಬಂದಳು. ಬಿಳಿಚಿಕೊಂಡಿದ್ದ ಮಂಚಮ್ಮನ ಮುಖ ನೋಡಿ, ರಿಪೋರ್ಟು ತೋರಿಸಿ ಎಂದಳು. ಅವಳು ಓದಲು ಶುರುಮಾಡಿದ್ದು ಅಂಕಿಯಿಂದಲ್ಲ, ಮೇಲಿನ ಸಾಲಿನಿಂದ.

"ಅಕ್ಕ, ನಿಮಗೆಷ್ಟು ವಯಸ್ಸು?"

"ಆಧಾರ್‌ನಲ್ಲಿ ನಲವತ್ತೇಳು ಅಂತ ಅದೆ."

"ಇದ್ರಲ್ಲಿ ಅರವತ್ಮೂರು ಅಂತ ಅದೆ. ಊರು ಹೊಣಕೆರೆ. ಇದು ನಿಮ್ದಲ್ಲ ಕಣಕ್ಕ. ಬೇರೆ ಯಾರೋ ಮಂಚಮ್ಮಂದು."

ಮನೆಯೇ ಹಗುರಾಯಿತು. ಪ್ರಿಯಾಂಕ ನಾಲಿಗೆ ಕಚ್ಚಿಕೊಂಡಳು. ಸೋಮಯ್ಯನಂತೂ ಎದ್ದು ನಿಂತ.

"ಬೆಲ್ಲ ತತ್ತಾ ಪ್ರಿಯಾಂಕ! ಪಾಯ್ಸ ಮಾಡ್ಬುಡು!"

ಮಂಚಮ್ಮ ಮಾತ್ರ ಏಳಲಿಲ್ಲ. ಫೋನನ್ನೇ ನೋಡುತ್ತಿದ್ದಳು. ಅಷ್ಟು ಚಿಕ್ಕ ಫೋನಿನೊಳಗೆ ತನ್ನ ಹೆಸರು ಹೊತ್ತ, ಮುಖ ಕಾಣದ ಇನ್ನೊಬ್ಬ ಹೆಂಗಸು ಇದ್ದಾಳೆ ಎಂಬುದು ಅವಳಿಗೆ ವಿಚಿತ್ರವಾಗಿತ್ತು.

"ರಂಜಿತ, ಆ ಯಮ್ಮಂದು ನನ್ ತಾವ ಬಂದದೆ ಅಂದ್ರೆ, ನಂದು ಆ ಯಮ್ಮನ್ ತಾವ ಹೋಗಿರ್ಬೇಕಲ್ವಾ?"

"ಹೋಗಿರ್ಬೋದು ಅಕ್ಕ."

"ಅಂಗಾದ್ರೆ ಅವ್ಳು ನಂಗೇನೂ ಸಕ್ರೆ ಕಾಯ್ಲೆ ಇಲ್ಲ ಅಂತ ಕುಂತಿರ್ತಾಳೆ!"

ಸೋಮಯ್ಯ ಕೈ ಕೊಡವಿದ. "ಯಾರೋ ಏನೋ, ಗುರ್ತಿಲ್ಲ ಪರಿಚಯ ಇಲ್ಲ. ಲ್ಯಾಬ್ನೋರು ನೋಡ್ಕತಾರೆ ಬುಡು."

"ಐದು ದಿನ ಅವ್ಳು ಪಡ್ಬೇಕಾದ ಭಯ ನಾನು ಪಟ್ಟಿವ್ನಿ. ಅವ್ಳು ನಂಗೆ ಯಾರೋ ಅಲ್ಲ," ಎಂದಳು ಮಂಚಮ್ಮ. ಅವಳು ಗಂಡನ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದೇ ಅಪರೂಪ.

ರಂಜಿತ ಲ್ಯಾಬಿಗೆ ಫೋನ್ ಮಾಡಿದಳು. ಅವರು ಹುಡುಕಿ ನೋಡಿ ತಪ್ಪು ಒಪ್ಪಿಕೊಂಡರು. ಅದೇ ಗುರುವಾರ ಇಬ್ಬರು ಮಂಚಮ್ಮಂದಿರು ರಕ್ತ ಕೊಟ್ಟಿದ್ದರು. ಇಬ್ಬರದೂ ಗಂಡನ ಹೆಸರಿನ ಜಾಗ ಖಾಲಿ. ರಿಪೋರ್ಟುಗಳು ಅದಲುಬದಲಾಗಿದ್ದವು. ಹೊಣಕೆರೆಯವರು ಕೊಟ್ಟ ನಂಬರಿಗೆ ಲ್ಯಾಬಿನವರು ಆಗಲೇ ಕರೆ ಮಾಡಿದರೆ ಸ್ವಿಚ್ ಆಫ್. ನಾಳೆ ನೋಡೋಣ ಎಂದರು.

"ನಾಳೆವರ್ಗೂ ಯಾಕೆ? ನಮ್ ವಾಟ್ಸಾಪ್ ಗ್ರೂಪ್‌ಗೆ ಹಾಕ್ಬುಡು," ಎಂದ ಸೋಮಯ್ಯ. ಅವನ ಮನಸ್ಸೂ ಅಷ್ಟರಲ್ಲಿ ಕರಗಿತ್ತು.

"ಬ್ಯಾಡ ಅಣ್ಣ. ನಿಮ್ ಮನೆಯೋರ ಕಾಯ್ಲೆನ ಊರೆಲ್ಲ ಓದುದ್ರೆ ನಿಮಗೆ ಯಂಗಾಯ್ತದೆ?"

ರಂಜಿತ ತರಬೇತಿಯಲ್ಲಿ ಪರಿಚಯವಾಗಿದ್ದ ಹೊಣಕೆರೆಯ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದಳು. ಆ ಕಡೆಯಿಂದ ಬಂದ ಮೊದಲ ಪ್ರಶ್ನೆಯೇ, "ನಮ್ ಕಡೆ ಆ ವಯಸ್ಸಿನ ಮೂರು ಜನ ಮಂಚಮ್ಮದೀರು ಅವ್ರೆ. ಇವ್ರು ಯಾರ ಹೆಂಡ್ತಿ?"

ಯಾರಿಗೆ ಗೊತ್ತು? ಕಾಗದದಲ್ಲಿ ಅದೇ ಇಲ್ಲ.

"ಗಂಡನ್ ಹೆಸ್ರು ಹೇಳುದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತಾರಲ್ಲವ್ವ," ಎಂದ ಸೋಮಯ್ಯ, ಹೆಂಡತಿಯ ಪರವಾಗಿ.

"ಹೇಳ್ದೆ ಇದ್ದಿದ್ಕೆ ಯಾರ ಆಯಸ್ಸು ಕಮ್ಮಿ ಆಯ್ತಿತ್ತು ನೋಡಿ ಅಣ್ಣ," ಎಂದಳು ರಂಜಿತ. ಸೋಮಯ್ಯ ತಲೆ ಕೆರೆದುಕೊಂಡ.

ಹೊಣಕೆರೆಯ ಕಾರ್ಯಕರ್ತೆ ಮೂರು ಮನೆಗೂ ನಡೆದಳು. ಹೋದ ಗುರುವಾರ ಕೆ.ಆರ್. ಪೇಟೆಯಲ್ಲಿ ರಕ್ತ ಕೊಟ್ಟಿರಾ ಎಂದು ಕೇಳಿದಳು. ಮೊದಲನೆಯವರು ಇಲ್ಲ ಎಂದರು. ಎರಡನೆಯವರೂ ಇಲ್ಲ ಎಂದರು. ಮೂರನೆಯ ಮನೆಯ ಜಗುಲಿಯ ಮೇಲೆ ಒಬ್ಬ ಅಜ್ಜಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಕೈಯಲ್ಲಿ ಕಡಲೆಕಾಯಿ ಬೆಲ್ಲದ ಉಂಡೆ.

ಅಲ್ಲಿಗೆ ಹೋಗಿದ್ದ ರಿಪೋರ್ಟಿನಲ್ಲಿ ಸಕ್ಕರೆ ಸರಿಯಾಗಿದೆ, ರಕ್ತ ಕಡಿಮೆಯಿದೆ ಎಂದಿತ್ತು. ಅವ್ವನಿಗೆ ರಕ್ತ ಆಗಲಿ ಎಂದು ಮಗಳು ಅಕ್ಕರೆಯಿಂದ ದಿನಕ್ಕೆ ಎರಡು ಹೊತ್ತು ಖರ್ಜೂರ, ಬೆಲ್ಲದ ಉಂಡೆ ತಿನ್ನಿಸುತ್ತಿದ್ದಳು. ಕಾಲಿನ ಗಾಯ ಒಂದು ತಿಂಗಳಿಂದ ಮಾಯದೆ ಇದ್ದರೂ, ಸಕ್ಕರೆ ಇಲ್ಲವಲ್ಲ ಎಂದು ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದ್ದರು.

ಅಂದೇ ಸಂಜೆ ಅವರನ್ನು ನಾಗಮಂಗಲದ ಆಸ್ಪತ್ರೆಗೆ ಸೇರಿಸಿದರು. ಈಗ ಬಂದಿದ್ದು ಒಳ್ಳೆಯದಾಯಿತು, ಇನ್ನೂ ಸ್ವಲ್ಪ ದಿನ ಬಿಟ್ಟಿದ್ದರೆ ಕಾಲು ಉಳಿಯುವ ಮಾತು ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು.

ನಮ್ಮ ಮಂಚಮ್ಮನ ಸ್ವಂತ ರಿಪೋರ್ಟಿನಲ್ಲಿ, ಹನ್ನೆರಡು ಗ್ರಾಂ ಇರಬೇಕಾದ ರಕ್ತ ಏಳೇ ಗ್ರಾಂ ಇತ್ತು. ಚೆನ್ನಾಗಿ ಉಣ್ಣಬೇಕಾದವಳು ಐದು ದಿನ ಅರ್ಧ ಹೊಟ್ಟೆಯಲ್ಲಿದ್ದಳು! ಕಬ್ಬಿಣದ ಮಾತ್ರೆಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಚೀಟಿ ಬರೆಯುವವರು ಗಂಡನ ಹೆಸರು ಕೇಳಿದರು. ಪಕ್ಕದಲ್ಲೇ ಇದ್ದ ಸೋಮಯ್ಯ ಬೇಕೆಂದೇ ಸುಮ್ಮನೆ ನಿಂತ.

"ನೀನೇ ಹೇಳಮ್ಮಿ. ನಂಗೇನಾಗಾಕಿಲ್ಲ."

ಹೇಳಿದಳು. ಸೋಮಯ್ಯ ಈಗಲೂ ಗಟ್ಟಿಮುಟ್ಟಾಗಿದ್ದಾನೆ.

ಮೂರು ವಾರ ಕಳೆದ ಮೇಲೆ ಹೊಣಕೆರೆಯಿಂದ ಫೋನ್ ಬಂತು.

"ನೀನೇನವ್ವ ನನ್ ಹೆಸ್ರಿನವ್ಳು?"

"ಊಂ ಕಣಕ್ಕ."

"ನಿನ್ ಪಾಲಿನ ಖರ್ಜೂರನೆಲ್ಲ ನಾನು ತಿಂದ್ಬುಟ್ಟೆ ಕಣವ್ವ."

"ನಿನ್ ಪಾಲಿನ ಉಪ್ವಾಸ ನಾನು ಮಾಡ್ದೆ ಬುಡಕ್ಕ."

ಇಬ್ಬರೂ ನಕ್ಕರು. ಆಮೇಲೆ ಅಜ್ಜಿಯ ದನಿ ಸಣ್ಣದಾಯಿತು.

"ಗಾಯ ಮಾಯ್ತಾ ಅದೆ. ಇವತ್ತು ಬಾಗ್ಲುಗಂಟ ನಾನೇ ನಡೆದೆ ಕಣವ್ವ. ಅದ್ನ ಮೊದ್ಲು ನಿಂಗೇ ಹೇಳವಾ ಅನ್ನುಸ್ತು."



ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಮ್ಮ ಹೆಸರು ನಮ್ಮೊಬ್ಬರದೇ ಅಲ್ಲ. ಲ್ಯಾಬಿನಲ್ಲಿ ಹೆಸರಿನ ಜೊತೆ ಗಂಡನ ಅಥವಾ ತಂದೆಯ ಹೆಸರು, ವಯಸ್ಸು, ಊರು, ಫೋನ್ ನಂಬರು ಎಲ್ಲವನ್ನೂ ಬರೆಸಿ, ಬರೆದದ್ದನ್ನು ಓದಿಸಿ ಕೇಳಿ. ಗಂಡನ ಹೆಸರು ಹೇಳಲು ನಾಚಿಕೆಯಾದರೆ ಆಧಾರ್ ಕಾರ್ಡು ತೋರಿಸಿ, ಜಾಗ ಮಾತ್ರ ಖಾಲಿ ಬಿಡಿಸಬೇಡಿ. ಫೋನಿಗೆ ರಿಪೋರ್ಟು ಬಂದಾಗ ಅಂಕಿ ನೋಡುವ ಮುಂಚೆ ವಯಸ್ಸು, ಊರು ನೋಡಿ. ಡಾಕ್ಟರಿಗೆ ತೋರಿಸದೆ ಊಟವನ್ನೂ ಬಿಡಬೇಡಿ, ಔಷಧಿಯನ್ನೂ ಬಿಡಬೇಡಿ.

ಬಂದದ್ದು ನಿಮ್ಮದಲ್ಲ ಎಂದು ತಿಳಿದರೆ ಅಳಿಸಬೇಡಿ, ಯಾರಿಗೂ ಕಳಿಸಬೇಡಿ. ಕೂಡಲೇ ಲ್ಯಾಬಿಗೆ ಫೋನ್ ಮಾಡಿ, ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ನೀವು ಕಂಡಿರದ ಯಾರೋ ಒಬ್ಬರು ನಿಮ್ಮ ರಿಪೋರ್ಟು ಹಿಡಿದುಕೊಂಡು ತಮಗೇನೂ ಇಲ್ಲ ಎಂದು ನೆಮ್ಮದಿಯಾಗಿ ಕೂತಿರಬಹುದು. ಅವರಿಗೆ ಕಾಯಿಲೆ ಇದೆ ಎಂದು ಗೊತ್ತಿರುವುದು ನಿಮಗೊಬ್ಬರಿಗೇ.