ಆಲ್ಬಮ್ಮಿಗೆ ಬೇಕಾದ ಮುಖ

ನವ್ಯಶ್ರೀಗೆ ಆ ಒಂದು ಪುಟ ಸರಿಹೋಗುತ್ತಲೇ ಇರಲಿಲ್ಲ. ಕೋಟೇಶ್ವರದ ತನ್ನ ಮನೆಯ ಚಾವಡಿಯಲ್ಲೇ ಅವಳು ಮದುವೆ, ನಾಮಕರಣಗಳ ಸ್ಕ್ರ್ಯಾಪ್‌ಬುಕ್ ಮಾಡಿಕೊಡುತ್ತಿದ್ದಳು. ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ತಿದ್ದಿ, ಪ್ರಿಂಟ್ ತೆಗೆಸಿ, ಅಂಚು ಹರಿದ ಬಣ್ಣದ ಕಾಗದಗಳ ಮೇಲೆ ಪದರ ಪದರವಾಗಿ ಅಂಟಿಸಿ, ನಡುವೆ ಧಾರೆಸೀರೆಯ ನೂಲನ್ನೋ ಆಮಂತ್ರಣ ಪತ್ರಿಕೆಯ ತುಂಡನ್ನೋ ಸೇರಿಸುವುದು ಅವಳ ರೀತಿ. ದೀಕ್ಷಾಳ ಮದುವೆಯ ಆಲ್ಬಮ್ ಮುಗಿದಿತ್ತು, ಧಾರೆಯ ಪುಟವೊಂದನ್ನು ಬಿಟ್ಟು.

ಆ ಪುಟದಲ್ಲಿ ಅಪ್ಪಯ್ಯ ಇರಬೇಕೆಂದು ದೀಕ್ಷಾ ಹೇಳಿದ್ದಳು. ಅಪ್ಪ ಕಡಲಲ್ಲಿ ತೀರಿಕೊಂಡಾಗ ಅವಳಿನ್ನೂ ಅಂಬೆಗಾಲಿಡುವ ಮಗು. ಉಳಿದಿದ್ದ ಒಂದೇ ಫೋಟೋದಲ್ಲಿ ದೋಣಿಯ ಹತ್ತಿರ ಮೂರ್ನಾಲ್ಕು ಗಂಡಸರು. ಕ್ಯಾಮೆರಾ ನೋಡಿ ನಗುತ್ತಿದ್ದ ಒಬ್ಬರ ಮೇಲೆ ಬೆರಳಿಟ್ಟು, "ಇವ್ರೇ. ಅಮ್ಮನ ಪಕ್ಕ ನಿಲ್ಸಿ ಕೊಡಿ ಅಕ್ಕ," ಎಂದಿದ್ದಳು.

ನವ್ಯಶ್ರೀ ಅವರನ್ನು ಫೋಟೋದಿಂದ ಬಿಡಿಸಿ ಮಂಟಪದಲ್ಲಿ ನಿಲ್ಲಿಸಿದಳು. ಉರಿಬಿಸಿಲಲ್ಲಿ ನಿಂತ ಮನುಷ್ಯ ಮದುವೆ ಹಾಲಿನ ದೀಪದಡಿ ಬಂದರೆ ಹೇಗೆ ಹೊಂದೀತು? ನೆರಳು ತಿದ್ದಿದಳು, ಅಂಚು ಮೆದುಮಾಡಿದಳು. ಅಂಗಿಯ ಬಣ್ಣ ಪೂರಾ ಮಾಸಿತ್ತು. ಊಹಿಸಿ ತುಂಬಲು ಮನಸ್ಸು ಒಪ್ಪಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಗಿಡಗಳಿಗೆ ನೀರು ಹಾಕಲು ಹೋದಳು, ಅರ್ಧಕ್ಕೇ ಬಿಟ್ಟು ಬಂದು ಮತ್ತೆ ತೆರೆದಳು. ಕೊನೆಗೆ ಪುಟದ ಪ್ರಿಂಟನ್ನೂ ಹಳೆಯ ಫೋಟೋವನ್ನೂ ಚೀಲಕ್ಕೆ ಹಾಕಿಕೊಂಡು, ಅಂಗಿಯ ಬಣ್ಣವನ್ನು ದೀಕ್ಷಾಳ ತಾಯಿ ಸುಂದರಿಯನ್ನೇ ಕೇಳೋಣವೆಂದು ಉಪ್ಪುಂದಕ್ಕೆ ಹೊರಟಳು.

ಸುಂದರಿ ಮೀನು ಮಾರಿ ಬಂದು ಬುಟ್ಟಿ ತೊಳೆಯುತ್ತಿದ್ದರು. ಕೈ ಒರೆಸಿಕೊಂಡು ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದರು.

"ಚಂದ ಆಯ್ತ್ ಹೆಣ್ಣೇ. ಆದ್ರೆ ಇವ್ರ್ ಅವ್ರಲ್ಲ."

ನವ್ಯಶ್ರೀಗೆ ಅರ್ಥವಾಗಲಿಲ್ಲ. ಸುಂದರಿ ಹಳೆಯ ಫೋಟೋ ಕೇಳಿ ತೆಗೆದುಕೊಂಡರು.

"ಇವ್ರ್ ಪ್ರೇಮಾನಂದಣ್ಣ, ಅವ್ರ್ ಒಟ್ಟಿಗೆ ಒಂದೇ ದೋಣೀಲಿ ಹೋಪವ್ರ್. ದೀಕ್ಷಾನ ಅಪ್ಪಯ್ಯ ಇಲ್ಲಿದ್ರ್ ಕಾಣ್."

ಬೆರಳು ತೋರಿಸಿದಲ್ಲಿ, ಬಲೆಯ ಮೇಲೆ ಬಗ್ಗಿದ ಒಬ್ಬರ ಬೆನ್ನಷ್ಟೇ ಇತ್ತು.

"ಸಣ್ಣ್ ಇಪ್ಪಾಗ ಅವ್ಳ್ ಆ ನಗು ಕಂಡ್ ಅಪ್ಪಯ್ಯ ಅಂದ್ಲ್. ಬೆನ್ನ್ ತೋರ್ಸಿ, ಇವ್ರ್ ನಿನ್ನ್ ಅಪ್ಪಯ್ಯ ಅಂತ ಹೇಳುಕೆ ನಂಗೆ ಬಾಯೇ ಬರ್ಲಿಲ್ಲೆ. ಮಕ್ಕಳಿಗೆ ಒಂದ್ ಮುಖ ಬೇಕಲ್ದಾ."

"ಈಗಾದ್ರೂ ಹೇಳ್ಕಲ್ದಾ ಸುಂದರಕ್ಕ?"

"ಈಗ ಹೇಳಿರೆ ಇಪ್ಪ ಅಪ್ಪಯ್ಯನೂ ಹೋಯ್ತ್ರ್ ಅವ್ಳಿಗೆ. ನೀನ್ ಹಾಂಗೇ ಅಂಟ್ಸಿ ಕೊಡ್."

ವಾಪಸು ಬರುವಾಗ ಮರವಂತೆಯಲ್ಲಿ ಬಸ್ಸಿನವರೆಲ್ಲ ಕಡಲಿನ ಕಡೆ ಕತ್ತು ತಿರುಗಿಸಿದರು. ನವ್ಯಶ್ರೀ ಮಾತ್ರ ಚೀಲದ ಹಿಡಿ ತಿರುಚುತ್ತ ಕೂತಿದ್ದಳು. ಬ್ರಹ್ಮಾವರದ ಗಂಡನ ಮನೆಯಿಂದ ದೀಕ್ಷಾ ಫೋನ್ ಮಾಡಿದಳು. "ಆಯ್ತಾ ಅಕ್ಕ? ಇಲ್ಲಿ ಎಲ್ರೂ ಕಾಂಬುಕೆ ಕಾಯ್ತಾ ಇದ್ರ್."

"ಬಣ್ಣ ಒಂಚೂರು ಬಾಕಿ ಇತ್ತ್," ಎಂದಳು ನವ್ಯಶ್ರೀ. ಹೇಳಿದ ಮೇಲೆ ಇನ್ನಷ್ಟು ಕಸಿವಿಸಿಯಾಯಿತು.

ಮಾರನೆಯ ದಿನ ಗೋಂದು ಹಚ್ಚಿದ ಪ್ರಿಂಟ್ ಕೈಯಲ್ಲಿ ಒಣಗಿತೇ ಹೊರತು ಪುಟಕ್ಕೆ ಹೋಗಲಿಲ್ಲ. ಅವಳು ಸುಂದರಿಗೆ ಫೋನ್ ಮಾಡಿದಳು. "ನನ್ ಕೈಯಲ್ಲಿ ಆತ್ತಿಲ್ಲೆ ಅಕ್ಕ. ಯಾರನ್ನೂ ಕತ್ತರಿಸ್ದೆ ದೋಣಿ ಫೋಟೋ ಇಡೀ ಹಾಕ್ತೆ. ಯಾರ್ ಯಾರು ಅಂತ ನೀವೇ ಹೇಳ್ಕ್." ಆ ಕಡೆಯಿಂದ ಫೋನ್ ಕಟ್ಟಾಯಿತು.

ದೀಕ್ಷಾ ಆಲ್ಬಮ್ ಒಯ್ಯಲು ಬರುವ ದಿನ ಅವಳಿಗಿಂತ ಮೊದಲೇ ಸುಂದರಿ ಬಂದು ಚಾವಡಿಯ ತುದಿಯಲ್ಲಿ ಕೂತರು. ಚಾ ಕೊಟ್ಟರೆ ಕುಡಿಯಲಿಲ್ಲ. ಮಗಳು ಬಂದಳು, ನಗುನಗುತ್ತ ಪುಟ ತಿರುವಿದಳು, ಧಾರೆಯ ಪುಟದಲ್ಲಿ ನಿಂತಳು. ಎಡಕ್ಕೆ ಧಾರೆಯ ಚಿತ್ರ. ಬಲಕ್ಕೆ, ನೀಲಿ ಕಾಗದದ ಮೇಲೆ, ದೋಣಿ ಮತ್ತು ಅಷ್ಟೂ ಗಂಡಸರು.

"ನಾ ಹೇಳ್ದಾಂಗೆ ಮಾಡ್ಲಿಲ್ಯಾ ಅಕ್ಕ?"

"ಅವ್ಳಿಗೆ ಬೈಬೇಡ," ಎಂದು ಸುಂದರಿ ಹತ್ತಿರ ಬಂದರು. ತಲೆ ತಗ್ಗಿಸಿಯೇ ಎಲ್ಲವನ್ನೂ ಹೇಳಿದರು.

ದೀಕ್ಷಾ ಎದ್ದು ಹೊರಗೆ ಹೋದಳು. ಗೇಟಿನ ತನಕ ನಡೆದಳು, ತಿರುಗಿ ಬಂದಳು, ಮತ್ತೆ ಹೋದಳು. ಒಳಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಡೆಗೆ ಅವಳು ಬಾಗಿಲಲ್ಲಿ ನಿಂತು ಕೇಳಿದಳು.

"ಪ್ರೇಮಾನಂದಣ್ಣ ಈಗ ಎಲ್ಲಿದ್ರ್?"

"ಅವ್ರೂ ವಾಪಸ್ ಬರ್ಲಿಲ್ಲೆ ಮಗಾ. ಅದೇ ದೋಣಿ. ಮದ್ವೆ ಸೈತ ಆಯಿರ್ಲಿಲ್ಲೆ ಅವ್ರಿಗೆ."

"ಇಷ್ಟ್ ವರ್ಷ ನಾ ಅವ್ರಿಗೇ ಕೈ ಮುಗ್ದಿದ್ದೆ."

"ಕೈ ಮುಗೀಲಿ ಅಂತೇ ನಾ ಸುಮ್ನಿದ್ದೆ. ಅವ್ರಿಗೂ ಯಾರೂ ಇರ್ಲಿಲ್ಲ ಅಲ್ದಾ."

ದೀಕ್ಷಾ ಅಳಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಆಲ್ಬಮ್ ಮುಚ್ಚಿ ಎದೆಗೆ ಒತ್ತಿಕೊಂಡು, "ಅಪ್ಪಯ್ಯನ ಮುಖ ಹ್ಯಾಂಗಿತ್ತ್, ಅದಾದ್ರೂ ಹೇಳ್," ಎಂದಳು. ಸುಂದರಿ ಸೆರಗು ಸರಿಮಾಡಿಕೊಂಡು ಅಂಗಳಕ್ಕೆ ಇಳಿದರು. "ಬಾ. ಹೋತಾ ಹೇಳ್ತೆ," ಎಂದರು.

ನವ್ಯಶ್ರೀ ಗೇಟಿನಲ್ಲಿ ನಿಂತು ನೋಡಿದಳು. ಹೆದ್ದಾರಿಯ ಆಚೆ ಬ್ರಹ್ಮಾವರದ ಬಸ್ಸು ಬಂದು ನಿಂತು ಹೋಯಿತು. ದೀಕ್ಷಾ ಅತ್ತ ದಾಟಲಿಲ್ಲ. ಉಪ್ಪುಂದದ ಮೇಲೆ ಹೋಗುವ ಬೈಂದೂರಿನ ಬಸ್ಸು ಬಂದಾಗ ತಾಯಿಯ ಹಿಂದೆ ಹತ್ತಿದಳು.